ರಾತ್ರಿ ಎಚ್ಚರ ಇರುವವರು ಯಾರು?

ದೀಪಾವಳಿಗೆ ಕುಮಟೆಯ ಮನೆಗೆ ಬಂದಿದ್ದ ಅಣ್ಣನ ಮಗಳು ಊಟ ಮುಗಿಯುವ ಮೊದಲೇ ಮೊಬೈಲನ್ನು ನನ್ನ ಎಲೆಯ ಪಕ್ಕಕ್ಕೆ ಸರಿಸಿದಳು. ಮಾಲ್ಡೀವ್ಸಿನ ಒಂದು ಬಿಳಿ ಬೋಟು. ಮೂರು ಮಾಳಿಗೆ, ಮೇಲಿನ ಮಾಳಿಗೆಯಲ್ಲಿ ಬಿಸಿನೀರಿನ ತೊಟ್ಟಿ, ಸುತ್ತ ಬೆತ್ತದ ಕುರ್ಚಿಗಳು. ಮುಂದಿನ ಚಿತ್ರದಲ್ಲಿ ತಲೆಯ ಮೇಲೆ ಹಾದುಹೋಗುತ್ತಿರುವ ಮಂಟಾ. ನಮ್ಮ ಕಡೆಯ ತೊರಕೆ ಮೀನಿನ ಕುಲದ್ದೇ, ಆದರೆ ರೆಕ್ಕೆ ಬಿಚ್ಚಿದರೆ ಒಂದು ಕೋಣೆಯಷ್ಟು ಅಗಲ.

“ಅತ್ತೆ, ಏಳು ರಾತ್ರಿ, ಹದಿನೇಳು ಡೈವ್. ಮಾರ್ಚಿಗೆ ಒಂದೇ ಜಾಗ ಉಳಿದಿದೆಯಂತೆ. ಹಣ ಕಟ್ಟಿಬಿಡ್ಲಾ?”

“ರಾತ್ರಿ ಆ ಬೋಟಲ್ಲಿ ಎಚ್ಚರ ಇರೋರು ಯಾರು?” ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಕ್ಯಾಬಿನ್ ಹೇಗಿದೆ, ಯಾವ ಶಾರ್ಕ್ ಸಿಗುತ್ತದೆ, ಕಂತಿನಲ್ಲಿ ಕಟ್ಟಬಹುದೇ ಎಂದು ಕೇಳಿಯೇನು ಅಂದುಕೊಂಡಿದ್ದಳು. ಆ ಮಧ್ಯಾಹ್ನ ಜಗಲಿಯಲ್ಲಿ ಕೂತು ಅವಳಿಗೆ ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ. ಅವಳಂತೆ ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಿ ಮೊದಲ ಸಲ ನೀರಿನಡಿ ಉಸಿರಾಡಿದವರು, ಅಂಡಮಾನಿನಲ್ಲಿ ಕೋರ್ಸ್ ಮುಗಿಸಿ ಈಗ ಮುಂದೇನು ಎಂದು ಕೇಳುವವರು ನಮ್ಮಲ್ಲಿ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ.

ನೇತ್ರಾಣಿಯ ದಿನ ಹೇಗಿರುತ್ತದೆ ಎಂದು ಹೋದವರಿಗೆ ಗೊತ್ತು. ಬೆಳಿಗ್ಗೆ ಬೋಟು ಹತ್ತಿ, ತಾಸಿಗೂ ಮಿಕ್ಕಿ ಅಲೆಗಳ ಮೇಲೆ ಕುಪ್ಪಳಿಸಿ, ದ್ವೀಪದ ಬಂಡೆಗಳ ಬುಡದಲ್ಲಿ ಎರಡು ಸಲ ಮುಳುಗಿ, ಮಧ್ಯಾಹ್ನದ ಹೊತ್ತಿಗೆ ಮತ್ತೆ ದಡ. ಕಣ್ಣು ನೀರಿಗೆ ಹೊಂದಿಕೊಂಡಿತು ಅನ್ನುವಷ್ಟರಲ್ಲಿ ದಿನವೇ ಮುಗಿದಿರುತ್ತದೆ. ಲಿವ್‌ಅಬೋರ್ಡ್ ಎಂಬುದು ಈ ಹಸಿವಿಗೆ ಸಿಕ್ಕ ಉತ್ತರ. ಬೋಟಿನಲ್ಲೇ ಊಟ, ಅಲ್ಲೇ ನಿದ್ದೆ, ನಾಲ್ಕರಿಂದ ಹತ್ತು ದಿನ ದಡದ ಹಂಗಿಲ್ಲ. ಮಾಲ್ಡೀವ್ಸಿನಲ್ಲಿ ಇದನ್ನು ಸಫಾರಿ ಬೋಟ್ ಎನ್ನುತ್ತಾರೆ. ಬೆಳಿಗ್ಗೆ ಆರಕ್ಕೆ ಗಂಟೆ ಬಾರಿಸುತ್ತದೆ, ಏಳರ ಹೊತ್ತಿಗೆ ಮೊದಲ ಡೈವ್, ತಿಂಡಿ, ಹನ್ನೊಂದಕ್ಕೆ ಎರಡನೆಯದು, ಊಟ, ಮೂರಕ್ಕೆ ಮತ್ತೊಂದು, ಕತ್ತಲಾಗುವಾಗ ಟಾರ್ಚ್ ಹಿಡಿದು ಕೊನೆಯದು. ನೀವು ಮಲಗಿದ್ದಾಗ ಬೋಟು ಮುಂದಿನ ದ್ವೀಪಕ್ಕೆ ಸಾಗಿರುತ್ತದೆ. ದಿನದ ಬೋಟುಗಳು ಮುಟ್ಟಲಾಗದ ಬಂಡೆಯ ಮೇಲೆ, ಇನ್ನೂ ಯಾರೂ ಕಲಕದ ನೀರಿನಲ್ಲಿ ನಿಮ್ಮ ಬೆಳಗಾಗುತ್ತದೆ. ಆ ಸುಖವನ್ನು ಕಡಿಮೆ ಮಾಡಿ ಹೇಳುವುದು ನನ್ನಿಂದಾಗದು.

ನಾನು ಮೊದಲ ಸಲ ಹೊರಟಾಗ ನನ್ನ ಡೈವ್ ಲೆಕ್ಕದ ಪುಸ್ತಕದಲ್ಲಿ ಹನ್ನೆರಡು ಡೈವ್ ಇದ್ದವು. 2019ರ ಆಗಸ್ಟಿನಲ್ಲಿ, ಚಿತ್ರ ನೋಡಿ ಮರುಳಾಗಿ, ಮಾಲ್ಡೀವ್ಸಿನ ದಕ್ಷಿಣದ ಅಟಾಲುಗಳಿಗೆ ಹೋಗುವ ಒಂದು ಬೋಟಿಗೆ ಮುಂಗಡ ಕಟ್ಟಿದೆ. ನಿಮಗೆಷ್ಟು ಡೈವ್ ಆಗಿದೆ ಎಂದು ಅವರು ಕೇಳಲಿಲ್ಲ. ಆ ಮಾರ್ಗ ಎಂಥದ್ದು ಎಂದು ನನಗೂ ಗೊತ್ತಿರಲಿಲ್ಲ.

ಮಾಲ್ಡೀವ್ಸಿನ ನೆಲವನ್ನು, ಅಲ್ಲ, ನೀರನ್ನು ಅರಿಯಲು ಅಲ್ಲಿನ ದಿವೇಹಿ ಭಾಷೆಯ ನಾಲ್ಕು ಪದ ಸಾಕು. ಜಗತ್ತಿಗೆಲ್ಲ ಅಟಾಲ್ ಎಂಬ ಪದ ಕೊಟ್ಟದ್ದೇ ಆ ಭಾಷೆ. 1,190ರಷ್ಟು ದ್ವೀಪಗಳು 26 ಹವಳದ ಬಳೆಗಳಾಗಿ ಸಾಗರದ ನಡುವೆ ಉದ್ದಕ್ಕೆ ಹರಡಿವೆ. ಬಳೆಯ ಒಳಗೆ ಶಾಂತ ಕೊಳ, ಹೊರಗೆ ಆಳ ಸಮುದ್ರ. ಬಳೆಯಲ್ಲಿ ಅಲ್ಲಲ್ಲಿ ಬಿರುಕು; ಆ ಬಿರುಕಿನ ಕಾಲುವೆಗೆ ‘ಕಂಡು’ ಎನ್ನುತ್ತಾರೆ. ಕೊಳದೊಳಗೆ ಮೇಲ್ಮೈಗೆ ಹತ್ತಿರ ಬರುವ ಸಣ್ಣ ಹವಳದ ಗುಡ್ಡ ‘ಗಿರಿ’. ನಮ್ಮ ಕಿವಿಗೆ ಎಷ್ಟು ಪರಿಚಿತ! ನೀರಿನಡಿ ಇನ್ನೂ ಕೆಳಗೇ ನಿಂತ ಗುಡ್ಡ ‘ಥಿಲ’. ಉದ್ದನೆಯ ಹವಳದ ದಂಡೆ ‘ಫರು’. ಇಡೀ ಸಾಗರ ಆ ಕೊಳಗಳೊಳಗೆ ನುಗ್ಗಬೇಕಾದದ್ದು ಕಂಡುಗಳ ಮೂಲಕವೇ. ಜನವರಿಯಿಂದ ಏಪ್ರಿಲ್‌ವರೆಗೆ ಈಶಾನ್ಯ ಮಾನ್ಸೂನಿನಲ್ಲಿ ಪೂರ್ವದ ಕಂಡುಗಳಿಂದ ತಿಳಿನೀರು ರಭಸದಿಂದ ಒಳಬರುತ್ತದೆ. ಆ ಸೆಳೆತಕ್ಕೆ ಎದುರಾಗಿ ಶಾರ್ಕುಗಳು ಸಾಲುಗಟ್ಟಿ ನಿಲ್ಲುತ್ತವೆ. ಪಶ್ಚಿಮದಿಂದ ಹೊರಬೀಳುವ ನೀರಿನಲ್ಲಿ ಸೂಕ್ಷ್ಮಜೀವಿಗಳು ತುಂಬಿರುತ್ತವೆ. ಮಂಟಾಗಳು ಆ ಕಾಲದಲ್ಲಿ ಅಲ್ಲಿ ಮೇಯುತ್ತವೆ. ಮಳೆಗಾಲ ಬಂದರೆ ಎಲ್ಲವೂ ತಿರುಗುಮುರುಗು. ಚಿತ್ರದಲ್ಲಿ ಮಂಟಾ ಇತ್ತು ಎಂದು ಹೋದವರು ತಿಂಗಳು ಮತ್ತು ದಿಕ್ಕು ನೋಡದಿದ್ದರೆ ಬರಿಗೈಯಲ್ಲಿ ಮರಳಬೇಕು.

ಶಾರ್ಕ್ ನೋಡಲು ಆ ಕಂಡುವಿನ ಬಾಯಲ್ಲಿ ಇಳಿಯುವ ಕ್ರಮವೇ ಬೇರೆ. ಬಿಸಿಡಿಯಲ್ಲಿ, ಅಂದರೆ ತೇಲಿಸುವ ಜಾಕೆಟ್ಟಿನಲ್ಲಿ, ಗಾಳಿ ಇಟ್ಟುಕೊಳ್ಳದೆ ನೀರಿಗೆ ಬಿದ್ದ ಕ್ಷಣವೇ ಕೆಳಗಿಳಿಯಬೇಕು. ತಡವಾದರೆ ಸೆಳೆತ ನಿಮ್ಮನ್ನು ಜಾಗದಿಂದಾಚೆ ಒಯ್ಯುತ್ತದೆ. ಮೂವತ್ತು ಮೀಟರಿನ ಹತ್ತಿರ, ಅಂದರೆ ಆ ದೇಶದ ಕಾನೂನು ಒಪ್ಪುವ ಗರಿಷ್ಠ ಆಳದಲ್ಲಿ, ಸತ್ತ ಬಂಡೆಗೆ ಉಕ್ಕಿನ ಕೊಕ್ಕೆ ಸಿಕ್ಕಿಸಿ ಗಾಳಿಪಟದಂತೆ ತೂಗಬೇಕು. ಕಿವಿ ಕೂಡಲೇ ತೆರೆದುಕೊಳ್ಳಬೇಕು, ಮಾಸ್ಕಿಗೆ ನೀರು ನುಗ್ಗಿದರೆ ಅದೇ ಸೆಳೆತದಲ್ಲಿ ಹೊರಹಾಕಬೇಕು. ಹನ್ನೆರಡು ಡೈವ್ ಆದವರಿಗೆ ಇದು ಹೇಳಿಸಿದ ಜಾಗವಲ್ಲ. ಒಳ್ಳೆಯ ಬೋಟುಗಳು ಇಂಥ ಮಾರ್ಗಕ್ಕೆ ಅಡ್ವಾನ್ಸ್‌ಡ್ ಸರ್ಟಿಫಿಕೇಟು ಮತ್ತು ಐವತ್ತರ ಆಸುಪಾಸು ಡೈವ್ ಆಗಿರಲೇಬೇಕು ಎನ್ನುತ್ತವೆ. ಸಂಖ್ಯೆ ಕೇಳದೆ ಹಣ ತೆಗೆದುಕೊಳ್ಳುವ ಬೋಟನ್ನು ನಾನೀಗ ಆ ಒಂದೇ ಕಾರಣಕ್ಕೆ ಬಿಡುತ್ತೇನೆ.

ಮೊಬೈಲಿನಲ್ಲಿದ್ದ ಬೋಟಿನ ಏಳು ದಿನದ ಪಟ್ಟಿ ತೆರೆಯಲು ಅಣ್ಣನ ಮಗಳಿಗೆ ಹೇಳಿದೆ. ಜಾಗಗಳ ಹೆಸರಿನಲ್ಲಿ ಕಂಡು ಎಷ್ಟಿವೆ, ಗಿರಿ ಎಷ್ಟಿವೆ, ಎಣಿಸು. ಎಣಿಸಿದಳು. ಒಂಬತ್ತು ಕಂಡು, ಒಂದೇ ಗಿರಿ. ಅವಳಿಗೆ ಆಗಿರುವುದು ಹದಿನಾರು ಡೈವ್.

“ಸರಿ, ನಿನ್ನ ಗಾಳಿ ಎಷ್ಟು ಹೊತ್ತು ಬರುತ್ತೆ?”

“ಅರ್ಧ ಗಂಟೆ. ಕೆಲವು ಸಲ ಮೂವತ್ತೈದು ನಿಮಿಷ.”

ಈ ಲೆಕ್ಕವನ್ನು ಎಲ್ಲರೂ ಒಮ್ಮೆ ಕಾಗದದ ಮೇಲೆ ಮಾಡಬೇಕು. ಸಾಮಾನ್ಯ ಅಲ್ಯೂಮಿನಿಯಂ ಟ್ಯಾಂಕಿನ ಒಳಜಾಗ ಸುಮಾರು 11 ಲೀಟರ್. 200 ಬಾರ್ ಒತ್ತಡದಲ್ಲಿ ತುಂಬಿದರೆ 2,200 ಲೀಟರ್ ಗಾಳಿ. ಅದರಲ್ಲಿ 50 ಬಾರ್ ಆಪತ್ತಿಗೆಂದು ಬಿಟ್ಟರೆ ಬಳಕೆಗೆ 1,650. ಪ್ರತಿ ಹತ್ತು ಮೀಟರಿಗೆ ನೀರಿನ ಒತ್ತಡ ಒಂದು ವಾತಾವರಣದಷ್ಟು ಏರುವುದರಿಂದ 18 ಮೀಟರಿನಲ್ಲಿ ಪ್ರತಿ ಉಸಿರಿಗೂ ಮೇಲಿನದರ 2.8 ಪಟ್ಟು ಗಾಳಿ ಬೇಕು. ದಡದಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವಳಿಗೆ ಅಲ್ಲಿ 56 ಲೀಟರ್: ಅರ್ಧ ಗಂಟೆಗೆ ಮುಗಿಯಿತು. ಮನಸ್ಸು ಶಾಂತವಾಗಿ ಅದೇ ಉಸಿರು 15ಕ್ಕೆ ಇಳಿದರೆ ಹತ್ತು ನಿಮಿಷ ಹೆಚ್ಚು. ಮೂವತ್ತು ಮೀಟರಿನಲ್ಲಿ, ಸೆಳೆತಕ್ಕೆ ಎದುರು ಕಾಲು ಬಡಿಯುತ್ತ ಇದ್ದರೆ ಹದಿನೈದು ನಿಮಿಷವೂ ಬಾರದೆ ಹೋಗಬಹುದು. ಗಾಳಿ ಮೊದಲು ಮುಗಿದವರು ಮೇಲೆ ಬರಬೇಕು, ಅವರ ಜೊತೆಯವರೂ ಬರಬೇಕು. ನಿಮ್ಮ ಉಸಿರಿನ ಹದಕ್ಕೆ ತಕ್ಕ ಸಮುದ್ರವನ್ನು ಮೊದಲು ಆರಿಸಿ. ಬೋಟು ಆಮೇಲಿನ ಮಾತು.

ಮಾಲ್ಡೀವ್ಸಿನ ಆ ಬೋಟು ಬಿಟ್ಟು ನಾನು ಕೊನೆಗೆ ಹೋದದ್ದು ಥಾಯ್ಲೆಂಡಿನ ಸಿಮಿಲನ್‌ಗೆ, 2020ರ ಜನವರಿಯಲ್ಲಿ. ನಾಲ್ಕು ರಾತ್ರಿ, ಹದಿನಾಲ್ಕು ಡೈವ್. ಮೊದಲ ಲಿವ್‌ಅಬೋರ್ಡ್‌ಗೆ ಇವತ್ತಿಗೂ ನಾನು ಕಣ್ಣುಮುಚ್ಚಿ ಹೇಳುವ ಹೆಸರು ಅದೇ.

ನಮ್ಮ ಅಂಡಮಾನ್ ದ್ವೀಪಗಳು ಯಾವ ಸಮುದ್ರದ ಪಶ್ಚಿಮಕ್ಕಿವೆಯೋ ಅದೇ ಸಮುದ್ರದ ಪೂರ್ವ ದಡದ ಬಳಿ ಸಿಮಿಲನ್ ಇದೆ. ಮಲಯ ಭಾಷೆಯಲ್ಲಿ ಒಂಬತ್ತಕ್ಕೆ ಇರುವ ಪದದಿಂದ ಬಂದ ಹೆಸರು. 1982ರಿಂದ ರಾಷ್ಟ್ರೀಯ ಉದ್ಯಾನ. ಅಕ್ಟೋಬರ್ 15ರಿಂದ ಮೇ 15ರವರೆಗೆ ಮಾತ್ರ ಬಾಗಿಲು ತೆರೆದಿರುತ್ತದೆ. ನೇತ್ರಾಣಿಯನ್ನು ಮುಚ್ಚಿಸುವ ಅದೇ ನೈಋತ್ಯ ಮಾನ್ಸೂನ್ ಅದನ್ನೂ ಮುಚ್ಚಿಸುತ್ತದೆ. ಜೂನ್–ಜುಲೈನಲ್ಲಿ ಬೋಟು ದಡಕ್ಕೆಳೆದು ಕೂರುವ ನಮ್ಮ ಕರಾವಳಿಯವರಿಗೆ ಈ ಪಂಚಾಂಗವನ್ನು ಬಿಡಿಸಿ ಹೇಳಬೇಕಿಲ್ಲ. ಜನ ಹೆಚ್ಚಾಗಿ ಹವಳ ನಲುಗಿತೆಂದು 2018ರಲ್ಲಿ ದಿನಕ್ಕೆ ಇಂತಿಷ್ಟೇ ಪ್ರವಾಸಿಗರು ಎಂಬ ಮಿತಿ ತಂದರು, ದ್ವೀಪದ ಮೇಲೆ ರಾತ್ರಿ ತಂಗುವುದನ್ನು ನಿಲ್ಲಿಸಿದರು. ಈಗ ಅಲ್ಲಿ ರಾತ್ರಿ ಕಳೆಯುವವರು ಲಿವ್‌ಅಬೋರ್ಡಿನವರೇ.

ಹೊಸಬರಿಗೆ ಅದು ಹೊಂದುವುದಕ್ಕೆ ಕಾರಣ ದ್ವೀಪಗಳ ಆಕಾರದಲ್ಲಿದೆ. ಪೂರ್ವದ ಮಗ್ಗುಲಲ್ಲಿ ಬಿಳಿ ಮರಳು, ನಿಧಾನಕ್ಕೆ ಇಳಿಯುವ ಹವಳದ ಇಳಿಜಾರು. ಪಶ್ಚಿಮದಲ್ಲಿ ಮನೆಯಷ್ಟು ದೊಡ್ಡ ಗ್ರಾನೈಟ್ ಬಂಡೆಗಳು ಒಂದರ ಮೇಲೊಂದು ಬಿದ್ದಂತೆ. ಹಂಪಿಯ ಮಾತಂಗ ಬೆಟ್ಟವನ್ನು ನೀರಿನಲ್ಲಿ ಮುಳುಗಿಸಿ ಅದರ ಸಂದುಗಳಲ್ಲಿ ಈಜಿದಂತೆ ನನಗೆ ಅನಿಸಿತು. ಈ ವ್ಯತ್ಯಾಸದ ಹಿಂದೆ ಒಂದು ಸೋಜಿಗ ಇದೆ. ಅಂಡಮಾನ್ ಸಮುದ್ರದ ಆಳದಲ್ಲಿ, ಮೇಲೆ ಕಣ್ಣಿಗೆ ಕಾಣದಂತೆ, ದೈತ್ಯ ಒಳ ಅಲೆಗಳು ಪಶ್ಚಿಮದಿಂದ ಪೂರ್ವಕ್ಕೆ ಚಲಿಸುತ್ತವೆ. ಅವು ದ್ವೀಪದ ಪಶ್ಚಿಮ ಮಗ್ಗುಲಿಗೆ ಬಡಿದಾಗ ಆಳದ ತಣ್ಣನೆಯ ನೀರು ಮೇಲೇಳುತ್ತದೆ. ಹಾಗಾಗಿ ಆ ಕಡೆ ಹವಳದ ದಂಡೆ ಕಟ್ಟಿಕೊಳ್ಳುವುದಿಲ್ಲ, ಪೂರ್ವದಲ್ಲಿ ಕಟ್ಟಿಕೊಳ್ಳುತ್ತದೆ. ಡೈವ್ ಮಧ್ಯೆ ಬೆಚ್ಚಗಿನ ನೀರು ಒಮ್ಮೆಲೇ ಕೊರೆಯುವಂತೆ ತಣ್ಣಗಾಗಿ ಹಸಿರು ಮಬ್ಬು ಕವಿದರೆ ಆ ಅಲೆ ಬಂದಿದೆ ಎಂದು ತಿಳಿಯಬೇಕು.

ಮೊದಲ ದಿನ ಪೂರ್ವದ ಮೆತ್ತನೆಯ ಇಳಿಜಾರುಗಳಲ್ಲಿ ಸರಂಜಾಮು ಸರಿಹೊಂದಿಸಿಕೊಳ್ಳಬಹುದು. ಎರಡನೆಯ ದಿನ ಬಂಡೆಗಳು. ಆಮೇಲೆ ಉತ್ತರಕ್ಕೆ, ಮಂಟಾ ಬರುವ ಕೊ ಬಾನ್, ಅದಕ್ಕೂ ಆಚೆ ಕೊ ತಾಚಾಯ್, ಕೊನೆಗೆ ಸುರಿನ್ ದ್ವೀಪಗಳ ಹತ್ತಿರದ ರಿಷೆಲ್ಯೂ ಬಂಡೆ. ದಿನ ಕಳೆದಂತೆ ಕಷ್ಟವೂ ಸ್ವಲ್ಪ ಸ್ವಲ್ಪವೇ ಏರುತ್ತದೆ. ಮಾರ್ಗವೇ ಮೇಷ್ಟರಂತೆ ಪಾಠ ಮಾಡುತ್ತದೆ. ಕೊ ಬಾನ್‌ನಲ್ಲಿ ನಾನು ಸೆಳೆತದೊಂದಿಗೆ ಗುದ್ದಾಡಿ ಇಪ್ಪತ್ತೈದೇ ನಿಮಿಷಕ್ಕೆ ಗಾಳಿ ಮುಗಿಸಿಕೊಂಡೆ. ಜೊತೆಗಾತಿಯೊಡನೆ ಐದು ಮೀಟರಿನಲ್ಲಿ ಮೂರು ನಿಮಿಷ ನಿಂತು, ಕಿತ್ತಳೆ ಬಣ್ಣದ ಗಾಳಿಚೀಲ ಮೇಲಕ್ಕೆ ಬಿಟ್ಟು ತಲೆ ಎತ್ತಿದರೆ ಬೋಟು ಬಹಳ ದೂರ. ಸಣ್ಣ ರಬ್ಬರ್ ದೋಣಿ ಹತ್ತು ನಿಮಿಷದಲ್ಲಿ ಬಂದು ಎತ್ತಿಕೊಂಡಿತು. ಆ ಹತ್ತು ನಿಮಿಷ ಅಲೆಗಳ ನಡುವೆ ತೇಲುತ್ತ, ದಕ್ಷಿಣ ಮಾಲ್ಡೀವ್ಸಿನ ಆ ಬೋಟಿಗೆ ನಾನು ಹೋಗಿದ್ದರೆ ಎಂದು ಯೋಚಿಸಿದೆ. ಗಾಳಿಚೀಲ ಬಿಡುವುದನ್ನು ಹೊರಡುವ ಮೊದಲು ಹತ್ತು ಸಲ ಅಭ್ಯಾಸ ಮಾಡಿ. ಕ್ಯಾಮೆರಾ ಮನೆಯಲ್ಲೇ ಬಿಡಿ.

ಕೆಂಪು ಸಮುದ್ರದ ಬಗ್ಗೆಯೂ ಅವಳು ಕೇಳಿದಳು. ಈಜಿಪ್ಟಿನ ಉತ್ತರದ ಮಾರ್ಗ ಒಳ್ಳೆಯದೇ. 1941ರಲ್ಲಿ ಬಾಂಬಿಗೆ ಮುಳುಗಿದ ಥಿಸಲ್‌ಗಾರ್ಮ್ ಹಡಗಿನ ಹೊಟ್ಟೆಯಲ್ಲಿ ಇವತ್ತಿಗೂ ಮೋಟಾರ್ ಸೈಕಲುಗಳು ಸಾಲಾಗಿ ನಿಂತಿವೆ. ಆದರೆ ದಕ್ಷಿಣದ ದೂರದ ದ್ವೀಪಗಳಿಗೆ ಐವತ್ತು ಡೈವ್ ಆಗದೆ ಒಯ್ಯುವುದಿಲ್ಲ. ಗ್ಯಾಲಪಗೋಸ್, ಕೊಕೋಸ್ ಎಲ್ಲ ಇನ್ನೂ ಎಷ್ಟೋ ವರ್ಷದ ಮಾತು.

ಈಗ ನನ್ನ ಮೊದಲ ಪ್ರಶ್ನೆಗೆ ಬರುತ್ತೇನೆ.

ನಾನು ಮಾಲ್ಡೀವ್ಸಿಗೆ ಮುಂಗಡ ಕಟ್ಟಿ ಕೆಲವೇ ದಿನ ಕಳೆದಿತ್ತು. 2019ರ ಸೆಪ್ಟೆಂಬರ್ 2ರ ನಸುಕಿನಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಸ್ ದ್ವೀಪದ ಬಳಿ ಲಂಗರು ಹಾಕಿದ್ದ ‘ಕನ್ಸೆಪ್ಷನ್’ ಎಂಬ 75 ಅಡಿಯ ಡೈವ್ ಬೋಟಿಗೆ ಬೆಂಕಿ ಬಿತ್ತು. ಕೆಳಗಿನ ಮಾಳಿಗೆಯಲ್ಲಿ ಮಲಗಿದ್ದ 33 ಪ್ರವಾಸಿಗರು ಮತ್ತು ಒಬ್ಬ ಸಿಬ್ಬಂದಿ, ಒಟ್ಟು 34 ಮಂದಿ ಸತ್ತರು. ಮೇಲೆ ಮಲಗಿದ್ದ ಐವರು ಸಿಬ್ಬಂದಿ ಉಳಿದರು. ಮಲಗುವ ಕೋಣೆಗೆ ಎರಡು ದಾರಿ ಇದ್ದವು. ಎರಡೂ ಹೋಗಿ ತೆರೆದುಕೊಳ್ಳುತ್ತಿದ್ದದ್ದು ಬೆಂಕಿ ಹತ್ತಿದ ಅದೇ ಊಟದ ಕೋಣೆಗೆ. ರಾತ್ರಿಯಿಡೀ ಒಬ್ಬರು ಬೋಟು ಸುತ್ತಿ ಕಾವಲು ಕಾಯಬೇಕೆಂಬ ನಿಯಮವಿತ್ತು. ಆ ರಾತ್ರಿ ಎಲ್ಲರೂ ಮಲಗಿದ್ದರು. ಕ್ಯಾಪ್ಟನ್ ತಪ್ಪಿತಸ್ಥನೆಂದು 2023ರಲ್ಲಿ ತೀರ್ಪಾಯಿತು, ಮರುವರ್ಷ ನಾಲ್ಕು ವರ್ಷದ ಸಜೆಯಾಯಿತು. 2024ರ ನವೆಂಬರ್ 25ರಂದು ಈಜಿಪ್ಟಿನ ಮಾರ್ಸಾ ಆಲಂ ಕಡೆ ‘ಸೀ ಸ್ಟೋರಿ’ ಎಂಬ ಬೋಟು ಮಗುಚಿದ್ದೂ ಬೆಳಗಿನ ಜಾವದಲ್ಲೇ, ಜನ ಕ್ಯಾಬಿನ್‌ಗಳಲ್ಲಿ ಮಲಗಿದ್ದಾಗಲೇ. ಒಳಗೆ ಸಿಕ್ಕಿಬಿದ್ದಿದ್ದ ಐವರನ್ನು ಮರುದಿನ ಜೀವಂತ ಹೊರತೆಗೆದರು. ಎಲ್ಲರೂ ಅಷ್ಟು ಅದೃಷ್ಟವಂತರಾಗಿರಲಿಲ್ಲ.

ಕನ್ಸೆಪ್ಷನ್ ಸುದ್ದಿ ಓದಿದ ವಾರವೇ ನನ್ನ ಬೋಟಿನವರಿಗೆ ಎರಡು ಪ್ರಶ್ನೆ ಬರೆದೆ. ರಾತ್ರಿ ಎಚ್ಚರ ಇರುವವರು ಯಾರು? ಕೆಳಗಿನ ಕ್ಯಾಬಿನ್‌ನಿಂದ ಹೊರಬರಲು ಎರಡು ಬೇರೆ ಬೇರೆ ದಾರಿ ಇದೆಯೇ? ಮೂರು ಸಲ ಬರೆದರೂ ಬಂದದ್ದು ಉಳಿದ ಹಣ ಕಟ್ಟಿ ಎಂಬ ಉತ್ತರ. ಮುಂಗಡ ಹೋದರೆ ಹೋಯಿತೆಂದು ಬಿಟ್ಟೆ. ಆ ಕಾಲಕ್ಕೆ ಅದು ನನಗೆ ದೊಡ್ಡ ಮೊತ್ತವೇ.

ಸಿಮಿಲನ್ ಬೋಟಿನವರು ಅದೇ ಪ್ರಶ್ನೆಗಳಿಗೆ ಕ್ಯಾಬಿನ್ ನಕ್ಷೆ ಕಳಿಸಿ, ಎರಡನೆಯ ಬಾಗಿಲನ್ನು ಕೆಂಪು ಗೆರೆಯಲ್ಲಿ ತೋರಿಸಿದ್ದರು. ಬೋಟು ಹತ್ತಿದ ಮೊದಲ ಸಂಜೆ ಲೈಫ್ ಜಾಕೆಟ್ ಹಾಕಿಸಿ, ಕಣ್ಣು ಮುಚ್ಚಿಸಿ ಆ ದಾರಿಯಲ್ಲಿ ನಡೆಸಿದರು. ಟಾರ್ಚು, ಕ್ಯಾಮೆರಾಗಳ ಬ್ಯಾಟರಿ ಚಾರ್ಜ್ ಮಾಡಲು ಮೇಲೆ ಬಯಲಲ್ಲೇ ಒಂದು ಮೇಜು; ರಾತ್ರಿ ಹತ್ತರ ಮೇಲೆ ಅಲ್ಲಿ ಕರೆಂಟಿಲ್ಲ, ಕ್ಯಾಬಿನ್‌ನಲ್ಲಂತೂ ಚಾರ್ಜಿಂಗ್ ಕೂಡದು. ಎರಡನೆಯ ರಾತ್ರಿ ಎರಡು ಗಂಟೆಗೆ ಎಂಜಿನ್ ಸದ್ದಿಗೆ ಎಚ್ಚರವಾಗಿ ಮೇಲೆ ಬಂದೆ. ಒಬ್ಬ ಹುಡುಗ ಟಾರ್ಚ್ ಹಿಡಿದು ಅಡುಗೆಮನೆಯಿಂದ ಹೊರಬಂದ. ಗಾಬರಿಯಾಗಿ ನನ್ನನ್ನೇ ನೋಡಿದ. ಏನಾಯಿತು ಎಂದು ಕೈಸನ್ನೆ ಮಾಡಿದ. ಏನಿಲ್ಲ ಎಂದೆ. ಎದೆಗವಚಿಕೊಂಡಿದ್ದ ನೋಟ್ ಪುಸ್ತಕ ಬಿಚ್ಚಿ ತೋರಿಸಿದ. ಅರ್ಧರ್ಧ ಗಂಟೆಗೆ ಒಂದು ಗೆರೆ, ಥಾಯ್ ಲಿಪಿಯಲ್ಲಿ ಏನೋ ಬರಹ, ಸಹಿ. ಕೆಳಗೆ ಹೋಗಿ ಮಲಗಿದೆ. ಅಷ್ಟು ಒಳ್ಳೆಯ ನಿದ್ದೆ ನನಗೆ ದಡದಲ್ಲೂ ಬಂದದ್ದು ಕಡಿಮೆ.

ಬೋಟಿನಲ್ಲಿ ಆಮ್ಲಜನಕದ ಸಿಲಿಂಡರ್ ಇದೆಯೇ, ಒತ್ತಡದ ಕಾಯಿಲೆಗೆ ಚಿಕಿತ್ಸೆ ಕೊಡುವ ರೀಕಂಪ್ರೆಷನ್ ಚೇಂಬರ್ ಹತ್ತಿರದಲ್ಲಿ ಎಲ್ಲಿದೆ, ಒಬ್ಬ ಗೈಡಿಗೆ ಎಷ್ಟು ಮಂದಿ ಎಂಬುದನ್ನೂ ಕೇಳಿ. ನಾಲ್ವರಿಗಿಂತ ಹೆಚ್ಚಾದರೆ ಹೊಸಬರ ಮೇಲೆ ಕಣ್ಣಿಡುವುದು ಕಷ್ಟ. ಬೇಡವೆನಿಸಿದ ಡೈವ್ ಬಿಡಲು ಯಾರೂ ಅಡ್ಡಿ ಮಾಡಬಾರದು. ದಿನಕ್ಕೆ ನಾಲ್ಕರಂತೆ ಮುಳುಗಿದಾಗ ದೇಹದಲ್ಲಿ ಸಾರಜನಕ ಪೂರ್ತಿ ಇಳಿಯುವ ಮೊದಲೇ ಮತ್ತೆ ತುಂಬುತ್ತದೆ. ಅದಕ್ಕೇ ನೈಟ್ರಾಕ್ಸ್ ಕೋರ್ಸನ್ನು ಹೊರಡುವ ಮುಂಚೆ ಮುಗಿಸುವುದು ಒಳ್ಳೆಯದು. ಆಮ್ಲಜನಕ ಶೇ 32ರಷ್ಟಿರುವ ಆ ಗಾಳಿಯಲ್ಲಿ ಮೂವತ್ತು ಮೀಟರಿನಲ್ಲಿ ಇರಬಹುದಾದ ಹೊತ್ತಿನ ಮಿತಿ ಸುಮಾರು 20 ನಿಮಿಷದಿಂದ 30ಕ್ಕೆ ಏರುತ್ತದೆ. ಆದರೆ ಮೂವತ್ತಮೂರು ಮೀಟರಿಗಿಂತ ಕೆಳಗೆ ಅದೇ ಆಮ್ಲಜನಕ ವಿಷವಾಗಬಲ್ಲದು. ಕೊನೆಯ ಡೈವ್ ಮತ್ತು ವಿಮಾನದ ನಡುವೆ ಕನಿಷ್ಠ 18 ಗಂಟೆ ಬೇಕು. ನಾನು ಒಂದು ಪೂರ್ತಿ ದಿನ ಇಟ್ಟುಕೊಳ್ಳುತ್ತೇನೆ. ಮಾಮೂಲಿ ಪ್ರವಾಸ ವಿಮೆಯಲ್ಲಿ ಡೈವಿಂಗ್ ಬಿಟ್ಟುಹೋಗಿರುವುದುಂಟು, ಸಣ್ಣಕ್ಷರ ಓದಿ.

ಖರ್ಚಿನ ವಿಷಯ. ಜಾಹೀರಾತಿನ ದರದಲ್ಲಿ ಉದ್ಯಾನದ ಶುಲ್ಕ, ಮಾಲ್ಡೀವ್ಸಾದರೆ ರಾತ್ರಿಗಿಷ್ಟೆಂದು ಹಸಿರು ತೆರಿಗೆ, ಸರಂಜಾಮಿನ ಬಾಡಿಗೆ, ನೈಟ್ರಾಕ್ಸ್, ಸಿಬ್ಬಂದಿಯ ಟಿಪ್ಸ್ ಸಾಮಾನ್ಯವಾಗಿ ಸೇರಿರುವುದಿಲ್ಲ. ಎಲ್ಲ ಕೂಡಿಸಿದ ಮೇಲೆ ಅಗ್ಗದ ಬೋಟು ಅಗ್ಗವಾಗಿ ಉಳಿಯುವುದು ಅಪರೂಪ. ಒಬ್ಬಳೇ ಹೋಗುವವಳು ಕ್ಯಾಬಿನ್ ಹಂಚಿಕೊಳ್ಳುವವರು ಹೆಂಗಸರೇ ಎಂಬುದನ್ನು ಬರಹದಲ್ಲಿ ಪಡೆಯಬೇಕು. ಸಸ್ಯಾಹಾರಿಗಳು ಥಾಯ್ ಬೋಟಿನಲ್ಲಿ ಸುಮ್ಮನೆ ಸಸ್ಯಾಹಾರ ಎಂದರೆ ಸಾಲದು, ಮೀನಿನ ಸಾಸ್ ಎಲ್ಲದರಲ್ಲೂ ಇರುತ್ತದೆ. ‘ಜೇ’ ಎಂದರೆ ಅಡುಗೆಯವರಿಗೆ ಸರಿಯಾಗಿ ತಿಳಿಯುತ್ತದೆ. ವಾಂತಿ ಬಾರದಿರಲು ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ ಮನೆಯಲ್ಲೇ ಒಮ್ಮೆ ತೆಗೆದುಕೊಂಡು ನೋಡಿ. ಕೆಲವರಿಗೆ ಅದು ಮಂಪರು ತರುತ್ತದೆ, ಮಂಪರಿನಲ್ಲಿ ಮುಳುಗಬಾರದು.

ಕತ್ತಲಾಗುವವರೆಗೆ ಅಣ್ಣನ ಮಗಳು ಜಗಲಿಯಲ್ಲೇ ಕೂತಿದ್ದಳು. ಬಿಸಿನೀರಿನ ತೊಟ್ಟಿಯ ಬೋಟಿಗೆ ಅವಳು ಹಣ ಕಟ್ಟಲಿಲ್ಲ. ಸಿಮಿಲನ್‌ಗೆ ಹೋಗುವ ನಾಲ್ಕು ಬೋಟುಗಳಿಗೆ ಆ ರಾತ್ರಿಯೇ ಬರೆದಳು. ನವೆಂಬರಿನ ಕೊನೆಗೆ ಬೆಂಗಳೂರಿನಿಂದ ಫೋನ್ ಬಂತು.

“ಅತ್ತೆ, ಇಬ್ಬರು ಉತ್ತರ ಕೊಟ್ಟಿದ್ದಾರೆ. ಒಬ್ಬರು ಎಲ್ಲ ಸೇಫ್, ಚಿಂತೆ ಬೇಡ ಅಂದಿದ್ದಾರೆ.”

“ಇನ್ನೊಬ್ಬರು?”

ಓದಿ ಹೇಳಿದಳು. ರಾತ್ರಿ ಹತ್ತರಿಂದ ಎರಡರವರೆಗೆ ಒಬ್ಬ, ಎರಡರಿಂದ ಆರರವರೆಗೆ ಇನ್ನೊಬ್ಬ. ಇಬ್ಬರೂ ಹಗಲಿನಲ್ಲಿ ಮಲಗುತ್ತಾರೆ, ಬೇರೆ ಕೆಲಸ ಇರುವುದಿಲ್ಲ. ಕೆಳಗಿನ ಆರು ಕ್ಯಾಬಿನ್‌ಗಳಿಗೆ ಮುಂದಕ್ಕೊಂದು ಮೆಟ್ಟಿಲು, ಹಿಂದಕ್ಕೊಂದು ಕಿಂಡಿ. ಕಿಂಡಿ ನೇರ ಬಯಲಿಗೆ ತೆರೆಯುತ್ತದೆ, ಫೋಟೊ ಜೊತೆಗಿದೆ. ನಿಮಗೆ ಆಗಿರುವ ಡೈವ್ ಎಷ್ಟು, ಕೊನೆಯದು ಯಾವಾಗ, ದಯವಿಟ್ಟು ತಿಳಿಸಿ.

“ಹದಿನಾರು ಅಂತಲೇ ಬರೀಲಾ ಅತ್ತೆ? ಕಡಿಮೆ ಆಯ್ತೇನೋ.”

“ಹದಿನಾರು ಅಂತಲೇ ಬರಿ” ಎಂದೆ. “ಗಾಳಿ ಅರ್ಧ ಗಂಟೆ ಬರುತ್ತೆ ಅಂತಲೂ ಬರಿ.”